ಪಟ್ಟಿಯ ಮೇಲೆ ಬರೆದ ಹೊತ್ತು

ನಮ್ಮ ಮೂಳೆ ವಾರ್ಡಿನ ಡ್ರೆಸ್ಸಿಂಗ್ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಯ ತೊಳೆದ ಮನುಷ್ಯನಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು. ಆ ಹೆಸರನ್ನು ಯಾರಾದರೂ ಕರೆದದ್ದು ನನ್ನ ಕಿವಿಗೆ ಬಿದ್ದಿಲ್ಲ. ಎಲ್ಲರಿಗೂ ಅವರು ಮುಚ್ಚಣ್ಣ. ‘ಮುಚ್ಚಿ, ಮೊದ್ಲು ಮುಚ್ಚಿ’ ಎಂದು ದಿನಕ್ಕೆ ಮೂವತ್ತು ಸಲ ಹೇಳುತ್ತಿದ್ದರಲ್ಲ, ಅದಕ್ಕೆ ಯಾರೋ ಕಲಿಯಲು ಬಂದ ಡಾಕ್ಟರು ತಮಾಷೆಗೆ ಇಟ್ಟ ಹೆಸರು. ಆ ಡಾಕ್ಟರು ಕಲಿತು, ಹೋಗಿ, ತಲೆ ನರೆಸಿಕೊಂಡೂ ಆಯಿತು. ಹೆಸರು ಮಾತ್ರ ಉಳಿಯಿತು. ನಾನು ಅದೇ ವಾರ್ಡಿನ ಸಿಸ್ಟರ್. ಇಪ್ಪತ್ತೆರಡು ವರ್ಷ ಅವರ ಜೊತೆ ಕೆಲಸ ಮಾಡಿದ್ದೇನೆ. ನನ್ನ ಗಂಡನ ಜೊತೆ ಕೂಡ ಅಷ್ಟು ಮಾತಾಡಿಲ್ಲ. ನಮ್ಮನೆಯವರು ಪೇಪರು ಹಿಡಿದರೆಂದರೆ ಮುಗಿಯಿತು, ಗೋಡೆಗೆ ಹೇಳಿದರೂ ಒಂದೇ.

ಡ್ರೆಸ್ಸಿಂಗ್ ಕೋಣೆ ದೊಡ್ಡದೇನೂ ಅಲ್ಲ. ಎರಡು ಮಂಚ, ಮೊಣಕೈಯಲ್ಲಿ ತಿರುಗಿಸುವ ನಲ್ಲಿ, ಆವಿಯಲ್ಲಿ ಬೇಯಿಸಿದ ಬಟ್ಟೆ ತುಂಬಿದ ಸ್ಟೀಲ್ ಡಬ್ಬಗಳು, ಅರ್ಧದವರೆಗೆ ಬಿಳಿ ಬಣ್ಣ ಬಳಿದ ಕಿಟಕಿ, ಕೂತರೆ ಕಿರ್ರೆನ್ನುವ ಒಂದು ಸ್ಟೂಲು. ಬೆಳಗ್ಗೆ ಎಂಟಕ್ಕೆ ಕಾಲುಗಳು ಸಾಲುಗಟ್ಟುತ್ತವೆ. ಕಾಲುಗಳು ಎಂದೇ ನಾವು ಹೇಳುವುದು, ತಪ್ಪು ತಿಳಿಯಬೇಡಿ. ‘ಮೂರನೇ ಬೆಡ್ಡಿನ ಕಾಲು ಬಂತಾ? ಬಾಗಿಲ ಹತ್ರದ ಕಾಲಿಗೆ ಜ್ವರ ಇದ್ಯಾ?’ ಮುಖಗಳನ್ನು ನೋಡುತ್ತ ಕೂತರೆ ಮಧ್ಯಾಹ್ನದೊಳಗೆ ನಾವೂ ಅಳುತ್ತ ಕೂರಬೇಕಾಗುತ್ತದೆ. ಮುಚ್ಚಣ್ಣ ಮಾತ್ರ ಮುಖ ನೋಡಿಯೇ ಪಟ್ಟಿ ಬಿಚ್ಚುತ್ತಿದ್ದರು. ಅಂಟಿಕೊಂಡ ಬಟ್ಟೆಯನ್ನು ನೀರು ಬಿಟ್ಟು ನೆನೆಸಿ, ಮುಖದಲ್ಲಿ ನೋವು ಕಂಡರೆ ಕೈ ನಿಲ್ಲಿಸಿ, ಮತ್ತೆ ನೀರು ಬಿಟ್ಟು, ಹೀಗೆ. ಒಂದು ಕಾಲಿಗೆ ಅರ್ಧ ಗಂಟೆ. ಹೊರಗೆ ಸಾಲಿನಲ್ಲಿದ್ದವರು ನನಗೆ ಬೈಯುತ್ತಿದ್ದರು, ಅವರಿಗಲ್ಲ.

ಮುರಿದ ಕಾಲಿನಲ್ಲಿ ಎರಡು ಬಗೆ. ಚರ್ಮದೊಳಗೇ ಮುರಿದದ್ದು ಒಂದು. ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದದ್ದು ಇನ್ನೊಂದು. ನಮ್ಮ ಪ್ರಾಣ ತಿನ್ನುವುದು ಈ ಎರಡನೆಯದು. ಆ ಮೂಳೆ ರಸ್ತೆಯ ಮಣ್ಣು ಕಂಡಿರುತ್ತದೆ, ಚರಂಡಿಯ ನೀರು ಕುಡಿದಿರುತ್ತದೆ. ಕೀವು ಒಮ್ಮೆ ಮೂಳೆಯೊಳಗೆ ಇಳಿಯಿತೆಂದರೆ ತಿಂಗಳುಗಟ್ಟಲೆ ಮಂಚ, ಮೇಲಿಂದ ಮೇಲೆ ಆಪರೇಷನ್ನು, ಕೊನೆಗೆ ಕಾಲು ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಅಂಥ ಕಾಲು ಬಂದರೆ ಮುಚ್ಚಣ್ಣನ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಕೀವಾಗದಂತೆ ತಡೆಯುವ ಇಂಜೆಕ್ಷನ್ ಬಿತ್ತೇ ಎಂದು ನನ್ನನ್ನು ಕೇಳುವುದು. ಒಂದು ಗಂಟೆಯೊಳಗೆ ಬೀಳಬೇಕು. ಬಿದ್ದಿಲ್ಲವೆಂದರೆ ನನ್ನ ತಲೆ ತಿನ್ನುತ್ತಿದ್ದರು. ಆಮೇಲೆ ಕಣ್ಣಿಗೆ ಕಾಣುವ ಕಸ ತೆಗೆಯುವುದು, ಸಲೈನ್ ನೀರು ಸುರಿಯುವುದು. ಕೆದಕುವುದಿಲ್ಲ, ಕೆದಕಿ ತೊಳೆಯುವುದು ಆಪರೇಷನ್ ಥಿಯೇಟರಿನ ಕೆಲಸ. ತಮ್ಮ ಫೋನಿನಲ್ಲಿ ಒಂದು ಫೋಟೋ. ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆ, ಅದರ ಮೇಲೆ ನೀರಾರದಂತೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಮೇಲೆ ಪಟ್ಟಿ, ಕಾಲು ಅಲುಗದಂತೆ ಪಕ್ಕಕ್ಕೆ ದಬ್ಬೆ. ಕೊನೆಗೆ ಒಂದು ಅಂಟುಪಟ್ಟಿ. ಅದರ ಮೇಲೆ ಪೆನ್ನಿನಲ್ಲಿ ಗುಂಡು ಗುಂಡಾಗಿ ಬರೆಯುತ್ತಿದ್ದರು: ‘ಮುಚ್ಚಿದ್ದು ಇಷ್ಟು ಗಂಟೆಗೆ. ಫೋಟೋ ಇದೆ. ಥಿಯೇಟರಿನಲ್ಲೇ ತೆರೆಯಿರಿ.’

ಯಾಕೆಂದರೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದು ಕಾಯಿಲೆ ಇದೆ. ನೋಡುವ ಚಪಲ. ಕ್ಯಾಷುವಾಲ್ಟಿಯ ಡಾಕ್ಟರು ಬಿಚ್ಚಿ ನೋಡುತ್ತಾರೆ. ಮೂಳೆ ಡಾಕ್ಟರು ಬಿಚ್ಚಿ ನೋಡುತ್ತಾರೆ. ಅವರ ಹಿಂದೆ ಕಲಿಯುವವರು, ಆಮೇಲೆ ಅರಿವಳಿಕೆ ಕೊಡುವ ಡಾಕ್ಟರು, ಕೊನೆಗೆ ರೋಗಿಯ ಭಾವಮೈದ. ಒಂದೊಂದು ಸಲ ಬಿಚ್ಚಿದಾಗಲೂ ವಾರ್ಡಿನ ಗಾಳಿ, ವಾರ್ಡಿನ ಕೈ, ವಾರ್ಡಿನ ಬಾಯಿ ಅದರ ಮೇಲೆ. ಹೊರಗಿನ ಮಣ್ಣಿಗಿಂತ ನಮ್ಮ ವಾರ್ಡಿನ ಕ್ರಿಮಿ ಕೆಟ್ಟದ್ದು, ಔಷಧಿ ಕುಡಿದು ಕುಡಿದು ಗಟ್ಟಿಯಾದದ್ದು. ಮುಚ್ಚಣ್ಣ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾಲನ್ನು ಥಿಯೇಟರಿಗೆ ಹೋಗುವಷ್ಟರಲ್ಲಿ ಏಳು ಸಲ ಬಿಚ್ಚಿದ್ದರಂತೆ. ಆ ಕಾಲು ಹೋಯಿತು. ಅವತ್ತಿನಿಂದ ಇವರು ಹಿಡಿದ ಹಟ ಇದು.

‘ಫೋಟೋ ನೋಡಿ ಸಾರ್’ ಎಂದು ಫೋನು ಚಾಚುತ್ತಿದ್ದರು. ಒಪ್ಪದವರ ಮುಂದೆ ಸುಮ್ಮನೆ ಮಂಚಕ್ಕೆ ಅಡ್ಡ ನಿಲ್ಲುತ್ತಿದ್ದರು. ಅಕಸ್ಮಾತ್ ಯಾರಾದರೂ ಬಿಚ್ಚಿಯೇಬಿಟ್ಟರೆ ಅದಕ್ಕೂ ಒಂದು ಕ್ರಮವಿತ್ತು: ಹಳೆ ಅಂಟುಪಟ್ಟಿ ಹರಿದು ಬಿಸಾಕಬೇಕು, ಮತ್ತೆ ತೊಳೆಯಬೇಕು, ಹೊಸ ಬಟ್ಟೆ ಹಾಕಬೇಕು, ಹೊಸ ಹೊತ್ತು ಬರೆಯಬೇಕು, ಥಿಯೇಟರಿನವರಿಗೆ ಬೇಗ ಕರೆಯಿರಿ ಎಂದು ಹೇಳಿ ಕಳಿಸಬೇಕು. ‘ಬಿಚ್ಚಿದ್ದು ತಪ್ಪು. ಬಿಚ್ಚಿಲ್ಲ ಅಂತ ಇಟ್ರೆ ಅದು ಪಾಪ ಸಿಸ್ಟರ್’ ಎನ್ನುತ್ತಿದ್ದರು.

ನಡುವೆ ಒಂದು ಮಿಷನ್ನು ಬಂತು. ಗಾಯದೊಳಗೆ ಸ್ಪಂಜು ಇಟ್ಟು, ಮೇಲೆ ಹಾಳೆ ಅಂಟಿಸಿ, ಕೊಳವೆಯಿಂದ ಕೊಳೆ ಹೀರುವ ಮಿಷನ್ನು. ಎಲ್ಲೋ ಒಂದು ಕಡೆ ಗಾಳಿ ಹೋದರೆ ಕುಯ್ಯೋ ಎಂದು ಅರಚುತ್ತದೆ. ಹೊಸ ಡಾಕ್ಟರುಗಳಿಗೆ ಅದೆಂದರೆ ಬಲು ಪ್ರೀತಿ. ಆಮೇಲೆ ಯಾವುದೋ ಪುಸ್ತಕ ಓದಿ ಬಂದು ಸಾದಾ ಬಟ್ಟೆಗೂ ಅದಕ್ಕೂ ಅಂಥ ವ್ಯತ್ಯಾಸ ಇಲ್ಲವಂತೆ ಎಂದು ಅವರೇ ವಾದಕ್ಕೆ ಬಿದ್ದರು. ಮುಚ್ಚಣ್ಣ ಎರಡೂ ಕಡೆ ಸೇರಲಿಲ್ಲ. ‘ಮಿಷನ್ನಾದ್ರೂ ಸರಿ, ಬಟ್ಟೆಯಾದ್ರೂ ಸರಿ. ಮೊದಲ್ನೇ ದಿನ ಎಷ್ಟು ಜನ ಮೂಗು ತೂರಿಸಿದ್ರು, ಅದನ್ನ ಹೇಳಿ’ ಎಂದು ಗಾಜ್ ಕತ್ತರಿಸುತ್ತ ಕೂರುತ್ತಿದ್ದರು.

ಅವರ ಹೆಂಡತಿ ಬಸ್ ಕಂಡಕ್ಟರ್. ಗಂಡನ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಈಕೆಯ ಬಾಯಿಂದ ಸಾವಿರ. ಒಮ್ಮೆ ವಾರ್ಡಿಗೆ ಬಂದವರು ಮಂಚದ ಸುತ್ತ ಮುತ್ತಿದ್ದ ನೆಂಟರನ್ನು ನೋಡಿ ಅಭ್ಯಾಸಬಲದಿಂದ ‘ಒಳಗೆ ಹೋಗಿ, ಒಳಗೆ ಹೋಗಿ, ದಾರಿ ಬಿಡಿ’ ಎಂದು ಗದರಿಬಿಟ್ಟರು. ಎಲ್ಲರೂ ಸರಿದು ನಿಂತರು. ನಾನು ಅರ್ಧ ಗಂಟೆಯಿಂದ ಹೇಳಿ ಹೇಳಿ ಸೋತಿದ್ದೆ. ‘ಇವ್ರು ಮುಚ್ಚಿ ಅಂತಾರೆ, ನಾನು ಇಳೀರಿ ಅಂತೀನಿ. ನಮ್ಮನೇಲಿ ಸಂಸಾರ ನಡೀತಿರೋದು ಇಷ್ಟರಲ್ಲೇ ಅಕ್ಕಾ’ ಎಂದು ನಗುತ್ತಿದ್ದರು. ಮಕ್ಕಳಿರಲಿಲ್ಲ. ಅದನ್ನು ಇಬ್ಬರೂ ಹೊಟ್ಟೆಗೆ ಹಾಕಿಕೊಂಡು ಎಷ್ಟೋ ವರ್ಷವಾಗಿತ್ತು. ಇಪ್ಪತ್ತಾರು ವರ್ಷ ನಿಂತೇ ದುಡಿದವರು ಆಕೆ. ಡಿಪೋದಲ್ಲಿ ಕೂರುವ ಕೆಲಸ ಕೊಡುತ್ತೇವೆ ಎಂದರೂ ಬೇಡ ಎಂದಿದ್ದರಂತೆ.

ಒಂದು ಸೋಮವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹಿಂದೆ ತೆಗೆಯುವಾಗ ಆಕೆ ಇಳಿದು ಸೀಟಿ ಊದುತ್ತಿದ್ದರು. ಸಂದಿಯಲ್ಲಿ ನುಗ್ಗಿ ಬಂದ ಸ್ಕೂಟರೊಂದು ಹೊಡೆಯಿತು. ಎಡಗಾಲು ಮೊಣಕಾಲಿನ ಕೆಳಗೆ ಎರಡು ತುಂಡು. ಮೂಳೆ ಹೊರಗೆ ಬಂದಿತ್ತು. ಬಿದ್ದದ್ದು ಎಣ್ಣೆ, ಕೆಸರು ಸೇರಿ ಕಪ್ಪಗೆ ನಿಂತ ನೀರಿನ ಗುಂಡಿಯಲ್ಲಿ.

ಕ್ಯಾಷುವಾಲ್ಟಿಗೆ ಕರೆದರು. ಮುಚ್ಚಣ್ಣ ಹೋದರು, ಹಿಂದೆ ನಾನು ಓಡಿದೆ. ಸ್ಟ್ರೆಚರಿನ ಮೇಲಿದ್ದದ್ದು ಅವರ ಹೆಂಡತಿ. ಅವರು ಒಂದು ಕ್ಷಣ ಆಕೆಯ ಹಣೆಯ ಮೇಲೆ ಕೈಯಿಟ್ಟರು. ಆಮೇಲೆ ಹೋಗಿ ಕೈ ತೊಳೆದು ಬಂದರು.

‘ಇಂಜೆಕ್ಷನ್ ಬಿತ್ತಾ ಸಿಸ್ಟರ್?’

‘ಈಗ ಹಾಕ್ದೆ.’

‘ಎಷ್ಟು ಗಂಟೆ?’

‘ಒಂಬತ್ತೂ ಹತ್ತು.’

ಆರು ಬಾಟಲಿ ಸಲೈನ್ ಸುರಿದರು. ‘ರೀ, ಕಾಲು ಇರುತ್ತಲ್ವಾ?’ ಎಂದು ಆಕೆ ಕೇಳಿದರು. ‘ಇರುತ್ತೆ. ಉಸಿರು ಬಿಡು’ ಎಂದರು. ಫೋಟೋ ತೆಗೆದರು, ಬಟ್ಟೆ ಹಾಕಿದರು, ಪಟ್ಟಿ ಸುತ್ತಿದರು, ಮೇಲೆ ಬರೆದರು. ಒಂಬತ್ತೂ ನಲವತ್ತು. ಥಿಯೇಟರಿನಲ್ಲಿ ಬೇರೆ ಆಪರೇಷನ್ನು ನಡೆಯುತ್ತಿತ್ತು. ಮಧ್ಯಾಹ್ನ ನಾಲ್ಕಕ್ಕೆ ಎಂದರು. ಆಕೆಯನ್ನು ನಮ್ಮ ವಾರ್ಡಿಗೆ ತಂದು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿಸಿದೆವು.

ಹನ್ನೊಂದರ ಹೊತ್ತಿಗೆ ಮುಚ್ಚಣ್ಣ ರಕ್ತದ ಸ್ಯಾಂಪಲ್ ಹಿಡಿದು ಕೆಳಗಿನ ರಕ್ತನಿಧಿಗೆ ಹೋದರು. ‘ಸ್ವಲ್ಪ ನೋಡ್ಕೊಳ್ಳಿ ಸಿಸ್ಟರ್’ ಎಂದು ಹೇಳಿಯೇ ಹೋದರು. ಹೋಗಿ ಐದು ನಿಮಿಷಕ್ಕೆ ದೊಡ್ಡ ಡಾಕ್ಟರು ರೌಂಡಿಗೆ ಬಂದರು, ಹಿಂದೆ ಆರು ಜನ ಕಲಿಯುವವರು.

‘ಫೋಟೋ ಎಲ್ಲಿ?’

ಫೋಟೋ ಮುಚ್ಚಣ್ಣನ ಜೇಬಿನಲ್ಲಿತ್ತು.

‘ಹಾಗಾದ್ರೆ ತೆಗೀರಿ. ನಂಗೆ ಓಪಿ ಇದೆ, ಹೊರಗೆ ರೋಗಿಗಳು ಕಾಯ್ತಿದಾರೆ.’

ಹತ್ತು ನಿಮಿಷ ಕಾಯಿರಿ ಸಾರ್ ಎನ್ನಬಹುದಿತ್ತು. ಮುಚ್ಚಣ್ಣನಿಗೆ ಫೋನು ಮಾಡಿ ಫೋಟೋ ಕಳಿಸಿ ಎನ್ನಬಹುದಿತ್ತು. ಬೇರೆ ದಿನ ಬೇರೆಯವರ ಕಾಲಿಗೆ ನಾನೇ ಹಾಗೆ ಹೇಳಿ ಬೈಸಿಕೊಂಡಿದ್ದೂ ಇದೆ. ಆದರೆ ಅವತ್ತು ನನಗೆ ಬಿಡುವಿಲ್ಲದ ಮೂರನೇ ಡ್ಯೂಟಿ. ನನ್ನ ಕಾಲು ಊದಿ ಚಪ್ಪಲಿಯ ಬಾರು ಮಾಂಸಕ್ಕೆ ಕೂತಿತ್ತು. ಆ ದೊಡ್ಡ ಮನುಷ್ಯನ ಜೊತೆ ಒಂದು ಮಾತು ಹೆಚ್ಚಿಗೆ ಆಡುವ ಶಕ್ತಿ ಇರಲಿಲ್ಲ. ಬೇಗ ನೋಡಿ ತೊಲಗಲಿ ಎನಿಸಿತು. ಕಾರಣ ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಅಂಟುಪಟ್ಟಿಯನ್ನು ಹರಿಯದೆ ಸುಲಿದು ಮಂಚದ ಕಂಬಿಗೆ ಅಂಟಿಸಿದೆ. ಪಟ್ಟಿ ಬಿಚ್ಚಿದೆ. ಏಳು ತಲೆ ಬಗ್ಗಿದವು. ದೊಡ್ಡ ಡಾಕ್ಟರು ಗ್ಲೌಸ್ ಹಾಕಿದ್ದರು. ಕಲಿಯುವವರಲ್ಲಿ ಒಬ್ಬ ಹಾಕಿರಲಿಲ್ಲ. ಅವನ ಬೆರಳು ಅಂಚಿನ ಚರ್ಮ ಎತ್ತಿತೋ ಇಲ್ಲವೋ ನಾನು ಸರಿಯಾಗಿ ನೋಡಲಿಲ್ಲ. ಐದು ನಿಮಿಷ ಗಾಯದ ಮೇಲೆಯೇ ಪಾಠ ನಡೆಯಿತು. ಹೋದರು.

ಹೊಸ ಬಟ್ಟೆ ತರಬೇಕೆಂದರೆ ಡ್ರೆಸ್ಸಿಂಗ್ ಕೋಣೆಗೆ ಹೋಗಬೇಕು. ಅಷ್ಟರಲ್ಲಿ ಮುಚ್ಚಣ್ಣ ಬಂದುಬಿಟ್ಟರೆ? ನಿಮ್ಮ ಹೆಂಡತಿಯ ಕಾಲನ್ನು ನಾನು ನಿಂತು ಬಿಚ್ಚಿಸಿದೆ ಎಂದು ಯಾವ ಮುಖದಲ್ಲಿ ಹೇಳಲಿ? ಅದೇ ಬಟ್ಟೆ ಮುಚ್ಚಿದೆ. ಅದೇ ಪಟ್ಟಿ ಸುತ್ತಿದೆ. ಕಂಬಿಯ ಮೇಲಿನ ಅಂಟುಪಟ್ಟಿ ತೆಗೆದು, ಮೊದಲಿದ್ದ ಜಾಗಕ್ಕೇ ಒತ್ತಿದೆ. ಒಂಬತ್ತೂ ನಲವತ್ತು. ಫೋಟೋ ಇದೆ. ಥಿಯೇಟರಿನಲ್ಲೇ ತೆರೆಯಿರಿ. ಆಕೆ ನೋವಿನ ಇಂಜೆಕ್ಷನ್ನಿನ ಮತ್ತಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದರು.

ಮುಚ್ಚಣ್ಣ ಬಂದರು. ಪಟ್ಟಿಯ ಕಡೆ ನೋಡಿದರು. ‘ಯಾರೂ ಬರ್ಲಿಲ್ವಾ?’

‘ದೊಡ್ಡ ಡಾಕ್ಟರು ಬಂದಿದ್ರು. ಹೋದ್ರು.’

‘ಬಿಚ್ಚಿ ಅನ್ಲಿಲ್ವಾ?’

‘ಇಲ್ಲ.’

‘ಪುಣ್ಯಾತ್ಮ’ ಎಂದು ಅವರು ಬೆಳಗ್ಗೆಯಿಂದ ಮೊದಲ ಸಲ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು.

ನಾಲ್ಕಕ್ಕೆ ಆಪರೇಷನ್ ಆಯಿತು. ತೊಳೆದು, ಮೂಳೆ ಅಲುಗದಂತೆ ಹೊರಗಿನಿಂದ ಕಂಬಿ ಕೂರಿಸಿ, ಆ ಹೀರುವ ಮಿಷನ್ನನ್ನೂ ಹಾಕಿ ಕಳಿಸಿದರು. ನಾಲ್ಕು ದಿನ ಎಲ್ಲ ಸರಿಯಿತ್ತು. ಆಕೆ ಮಂಚದಿಂದಲೇ ವಾರ್ಡು ಆಳುತ್ತಿದ್ದರು; ಯಾರ ನೆಂಟರು ಎಷ್ಟು ಹೊತ್ತು ಕೂರಬೇಕೆಂದು ಅವರೇ ಹೇಳುವುದು. ಐದನೆಯ ದಿನ ಜ್ವರ ನೂರಾಮೂರು. ಮಿಷನ್ನಿನ ಡಬ್ಬಿಯಲ್ಲಿ ಬಂದ ನೀರಿನ ಬಣ್ಣ ನೋಡಿ ಮುಚ್ಚಣ್ಣ ಬಗ್ಗಿ ಮೂಸಿದರು. ನಾನು ಮೂಸಬೇಕಾಗಿರಲಿಲ್ಲ, ನಿಂತಲ್ಲಿಗೇ ಬರುತ್ತಿತ್ತು.

ಪರೀಕ್ಷೆಗೆ ಕಳಿಸಿದರು. ಆಸ್ಪತ್ರೆಗಳಲ್ಲಿ ಓಡಾಡುವ ಕ್ರಿಮಿ ಎಂದು ಬಂತು. ಅದು ಥಿಯೇಟರಿನಿಂದ ಬಂದಿರಬಹುದು, ಮಂಚದಿಂದ ಬಂದಿರಬಹುದು, ಬಸ್‌ಸ್ಟ್ಯಾಂಡಿನ ಆ ಗುಂಡಿಯಲ್ಲೇ ಇದ್ದಿರಬಹುದು ಎಂದು ದೊಡ್ಡ ಡಾಕ್ಟರು ಹೇಳಿದರು. ಇದ್ದಿರಬಹುದು. ನನ್ನಿಂದಲೇ ಆಯಿತೆಂದು ಯಾವ ಡಾಕ್ಟರೂ ಹೇಳಲಾರ. ನನ್ನಿಂದ ಆಗಲಿಲ್ಲ ಎಂದೂ ಹೇಳಲಾರ. ಈ ಎರಡನೆಯದರ ಜೊತೆ ನಾನು ಬದುಕಬೇಕು.

ಆರು ವಾರ. ನಾಲ್ಕು ಸಲ ಥಿಯೇಟರು. ಪ್ರತಿಸಲ ಸ್ವಲ್ಪ ಸ್ವಲ್ಪ ಸತ್ತ ಮೂಳೆ ಕೊರೆದು ತೆಗೆದರು. ಆಕೆಯ ಮುಖದಲ್ಲಿ ಮೂಳೆ ಎದ್ದಿತು, ಮಾತು ಕಡಿಮೆಯಾಯಿತು. ಮುಚ್ಚಣ್ಣ ಬೆಳಗ್ಗೆ ಎಂಟರಿಂದ ಊರಿನವರ ಕಾಲು ತೊಳೆದು, ಮಧ್ಯಾಹ್ನ ಹೆಂಡತಿಯ ಕಾಲು ತೊಳೆದು, ಸಂಜೆ ಊಟದ ಡಬ್ಬಿ ತೊಳೆದು ಹೋಗುತ್ತಿದ್ದರು. ಇಬ್ಬರೂ ಸೋತಿದ್ದರು. ನಾನೂ ಸೋತಿದ್ದೆ, ಆದರೆ ಅದನ್ನು ಹೇಳಿಕೊಳ್ಳುವ ಹಕ್ಕು ನನಗಿರಲಿಲ್ಲ.

ಅವರು ನನ್ನ ಹತ್ತಿರ ಮತ್ತೆ ಮತ್ತೆ ಅದನ್ನೇ ಕೇಳತೊಡಗಿದರು.

‘ಸಿಸ್ಟರ್, ಅವತ್ತು ನಾನು ಎಷ್ಟು ಬಾಟ್ಲು ಹಾಕ್ದೆ?’

‘ಆರು.’

‘ಹಿಂಭಾಗದಲ್ಲಿ ಒಂದು ಸಂದಿ ಇತ್ತು. ಅಲ್ಲಿಗೆ ನೀರು ಹೋಯ್ತಾ?’

‘ಹೋಯ್ತು ಮುಚ್ಚಣ್ಣ. ನಾನೇ ನೋಡಿದೀನಿ.’

‘ಹೆಂಡ್ತಿ ಅಂತ ಅವಸರ ಮಾಡಿಬಿಟ್ನೇನೋ. ಬೇರೆಯವರ ಕಾಲಾಗಿದ್ರೆ ಇನ್ನೆರಡು ಬಾಟ್ಲು ಹಾಕ್ತಿದ್ದೆ.’

ದಿನಾ ಇದೇ. ಪಾಪ, ಕೈಯನ್ನು ಎಷ್ಟು ಸಲ ತೊಳೆಯುತ್ತಿದ್ದರೆಂದರೆ ಬೆರಳ ಸಂದಿ ಒಡೆದು ರಕ್ತ ಬರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಬೇಡಿ. ಸುಮ್ಮನಿರಿ ಎಂದು ಅವರಿಗೇ ಗದರುತ್ತಿದ್ದೆ, ಆಮೇಲೆ ಔಷಧಿಯ ಕೋಣೆಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಹೇಳಬೇಕು ಎಂದು ದಿನಾ ಬೆಳಗ್ಗೆ ಹೊರಡುವುದು, ಸಂಜೆ ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬರುವುದು. ‘ಏನಾಗಿದೆ ನಿಂಗೆ?’ ಎಂದು ನಮ್ಮನೆಯವರು ಪೇಪರು ಕೆಳಗಿಟ್ಟು ಕೇಳಿದರು. ಅವರು ಪೇಪರು ಕೆಳಗಿಟ್ಟರೆಂದರೆ ನನ್ನ ಮುಖ ಹೇಗಿತ್ತೋ ನೀವೇ ನೋಡಿಕೊಳ್ಳಿ.

ಆರನೆಯ ವಾರದ ಕೊನೆಗೆ ದೊಡ್ಡ ಡಾಕ್ಟರು ಹೇಳಿದರು. ಇನ್ನು ಕಾದರೆ ಕೀವು ರಕ್ತಕ್ಕೆ ಹೋಗಿ ಜೀವಕ್ಕೇ ಕುತ್ತು ಬರುತ್ತದೆ, ಮೊಣಕಾಲಿನ ಕೆಳಗೆ ತೆಗೆದುಬಿಡೋಣ, ನಾಳೆ ಬೆಳಗ್ಗೆ. ಆಕೆ ಸಹಿ ಹಾಕಿದರು. ಮುಚ್ಚಣ್ಣ ಪಕ್ಕದಲ್ಲಿ ನಿಂತು ಪೆನ್ನಿನ ಮುಚ್ಚಳ ಹಿಡಿದುಕೊಂಡಿದ್ದರು.

ಅದೇ ದಿನ ಹನ್ನೆರಡರ ಹೊತ್ತಿಗೆ ಒಬ್ಬ ಪೇಂಟರ್ ಬಂದ. ಗೋಡೆಗೆ ಕಟ್ಟಿದ ಸಾರವೆಯಿಂದ ಬಿದ್ದು ಬಲಗಾಲಿನ ಮೂಳೆ ಹೊರಗೆ. ಮುಚ್ಚಣ್ಣ ತೊಳೆದರು, ಫೋಟೋ ತೆಗೆದರು, ಮುಚ್ಚಿದರು, ಹೊತ್ತು ಬರೆದರು. ಎಲ್ಲ ಕ್ರಮವಾಗಿ. ಅರ್ಧ ಗಂಟೆಗೆ ಕಲಿಯುವ ಡಾಕ್ಟರೊಬ್ಬರು ಬಂದು, ‘ಮುಚ್ಚಣ್ಣ, ಒಂದ್ಸಲ ನೋಡ್ಲಾ?’ ಎಂದರು. ಕೇಳಿದ್ದು ಅಭ್ಯಾಸಕ್ಕೆ, ಬೇಡ ಎನ್ನುತ್ತಾರೆಂದು ಅವರಿಗೂ ಗೊತ್ತು.

‘ನೋಡಿ’ ಎಂದರು ಮುಚ್ಚಣ್ಣ.

ಡಾಕ್ಟರೇ ಗಾಬರಿಯಾದರು. ‘ನೋಡ್ಬಹುದಾ?’

‘ನೋಡಿ ಸಾರ್. ಮುಚ್ಚಿದ್ರೆ ಏನು, ಬಿಚ್ಚಿದ್ರೆ ಏನು. ನಮ್ಮನೆಯವಳದ್ದು ಯಾರೂ ಬಿಚ್ಚಿರ್ಲಿಲ್ಲ. ಆದ್ರೂ ಹೋಯ್ತಲ್ಲ.’

ನಾನು ಹೋಗಿ ಆ ಮಂಚಕ್ಕೆ ಅಡ್ಡ ನಿಂತೆ. ಬೇಡ ಎಂದೆ. ನನ್ನ ದನಿ ಏರಿದ್ದಕ್ಕೆ ಡಾಕ್ಟರು ಸುಮ್ಮನೆ ಹೋದರು. ಪೇಂಟರ್ ನನ್ನನ್ನೂ ಮುಚ್ಚಣ್ಣನನ್ನೂ ನೋಡುತ್ತ ಮಲಗಿದ್ದ. ಅವನಿಗೆ ಏನು ಗೊತ್ತು, ನನ್ನ ಸುಳ್ಳು ಅವನ ಕಾಲಿನವರೆಗೆ ಬಂದಿತ್ತು. ನಾನು ಆಡಿದ ಒಂದು ಸುಳ್ಳನ್ನು ನಂಬಿ ಈ ಮನುಷ್ಯ ಇಪ್ಪತ್ತೊಂಬತ್ತು ವರ್ಷದ ತನ್ನ ಹಟವನ್ನೇ ಕೈಬಿಟ್ಟಿದ್ದರು. ಇನ್ನು ಬರುವ ಕಾಲುಗಳೆಲ್ಲ ಇವರ ಕೈಗೇ ಬರುವುದು.

ಮಧ್ಯಾಹ್ನ ಓಪಿ ಮುಗಿದು ಸಾಲು ಕರಗಿದ ಮೇಲೆ ಡ್ರೆಸ್ಸಿಂಗ್ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಅವರು ಗಾಜ್ ಕತ್ತರಿಸುತ್ತಿದ್ದರು. ನಿಂತೇ ಹೇಳಿದೆ. ಕೂತರೆ ಹೇಳಲು ಆಗುತ್ತಿರಲಿಲ್ಲ.

‘ಅವತ್ತು ದೊಡ್ಡ ಡಾಕ್ಟರು ಬಿಚ್ಚಿಸಿದ್ರು ಮುಚ್ಚಣ್ಣ. ನಾನೇ ಬಿಚ್ಚಿದ್ದು. ನೀವು ಬ್ಲಡ್‌ಬ್ಯಾಂಕಿಗೆ ಹೋಗಿದ್ರಿ.’

ಕತ್ತರಿ ನಿಂತಿತು.

‘ಎಷ್ಟು ಜನ?’

‘ಏಳು.’

‘ಗ್ಲೌಸು?’

‘ಒಬ್ಬ ಹಾಕಿರ್ಲಿಲ್ಲ.’

‘ಎಷ್ಟು ಹೊತ್ತು ತೆರೆದಿತ್ತು?’

‘ಐದು ನಿಮಿಷ. ಇನ್ನೂ ಸ್ವಲ್ಪ ಹೆಚ್ಚೇ ಇರ್ಬೇಕು.’

‘ಮತ್ತೆ ತೊಳೆದ್ರಾ?’

‘ಇಲ್ಲ.’

‘ಅದೇ ಬಟ್ಟೆನಾ?’

‘ಅದೇ.’

ಕತ್ತರಿಯನ್ನು ಟ್ರೇಯಲ್ಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಎರಡು ಬಾರಿಸಿದ್ದರೂ ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅವರು ತಮ್ಮ ಒಡೆದ ಬೆರಳುಗಳನ್ನು ನೋಡುತ್ತ ಕೂತಿದ್ದರು.

‘ನಂಗ್ಯಾಕೆ ಹೇಳ್ತಿದ್ದೀರಿ ಸಿಸ್ಟರ್. ಕಾಲು ನಂದಾ? ಅವಳಿಗೆ ಹೋಗಿ ಹೇಳಿ.’

ಹೋದೆ. ಡ್ರೆಸ್ಸಿಂಗ್ ಕೋಣೆಯಿಂದ ಕಿಟಕಿ ಪಕ್ಕದ ಮಂಚಕ್ಕೆ ನಲವತ್ತು ಹೆಜ್ಜೆಯೂ ಇಲ್ಲ. ಆಕೆ ದಿಂಬಿಗೆ ಒರಗಿ ಕೂತಿದ್ದರು. ಹೊದಿಕೆಯ ಕೆಳಗಿಂದ ಎರಡು ಪಾದ ಕಾಣುತ್ತಿದ್ದವು. ಎಡಗಡೆಯದು ಊದಿ ಬೇರೆ ಬಣ್ಣಕ್ಕೆ ತಿರುಗಿತ್ತು.

ಹೇಳಿದೆ. ಒಂದನ್ನೂ ಬಿಡದೆ, ಅಂಟುಪಟ್ಟಿಯನ್ನು ಕಂಬಿಗೆ ಅಂಟಿಸಿದ್ದನ್ನೂ.

‘ನಾನು ಎಚ್ಚರವಾಗೇ ಇದ್ದೆ ಅಕ್ಕಾ’ ಎಂದರು ಆಕೆ. ‘ಕಣ್ಣು ಬಿಡೋಕೆ ಆಗ್ತಿರ್ಲಿಲ್ಲ ಅಷ್ಟೇ. ಎಲ್ಲ ಕೇಳಿಸ್ಕೊಂಡೆ. ನೀವು ಆ ಪಟ್ಟಿ ಮೇಲೆ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಅಂಟಿಸಿದ್ದೂ ಗೊತ್ತು. ನೋಯ್ತು.’

ನಾನು ಕೈಯನ್ನು ಬೆನ್ನ ಹಿಂದೆ ಸರಿಸಿದೆ.

‘ಸಿಟ್ಟಿಲ್ಲ ಅಂದ್ಕೋಬೇಡಿ. ದಿನಾ ಇದೆ. ನೀವು ಜ್ವರ ನೋಡೋಕೆ ಬಂದಾಗ್ಲೆಲ್ಲ ಆ ಕೈಗೆ ಕಚ್ಚಿಬಿಡೋಣ ಅನ್ಸುತ್ತೆ.’

‘ಅವರಿಗೆ ಹೇಳ್ಬಹುದಿತ್ತಲ್ಲ. ಕೀವು ಬಂದ ದಿನಾನೇ ಹೇಳ್ಬಹುದಿತ್ತು.’

‘ಹೇಳಿ? ಸಂಜೆ ಮನೆಗೆ ಬಂದ್ರೆ ಅವರ ಬಾಯಲ್ಲಿ ಬರೋದು ಇಬ್ಬರ ಮಾತು. ಒಂದು ನಾನು ಹೇಳಿದ್ದು, ಇನ್ನೊಂದು ನೀವು ಹೇಳಿದ್ದು. ಸಿಸ್ಟರ್ ಇದಾರೆ, ನೋಡ್ಕೋತಾರೆ ಅಂತ ಧೈರ್ಯವಾಗಿ ಮಲಗ್ತಾರೆ. ಕಾಲಂತೂ ಹೋಗೋದು ಹೋಗುತ್ತೆ. ಅದರ ಜೊತೆ ನಿಮ್ಮನ್ನೂ ಅವರಿಂದ ಯಾಕೆ ಕಿತ್ಕೋಬೇಕು ಅಂತ ಸುಮ್ನಿದ್ದೆ.’

‘ಅವರು ತಪ್ಪು ತಮ್ಮದೇ ಅಂದ್ಕೊಂಡಿದ್ರು’ ಎಂದೆ. ‘ಸರಿಯಾಗಿ ತೊಳೀಲಿಲ್ಲ ಅಂತ. ಆರು ವಾರದಿಂದ ದಿನಾ ಕೇಳ್ತಿದ್ರು.’

ಆಕೆಯ ಮುಖ ಅಲ್ಲಿಯವರೆಗೆ ಗಟ್ಟಿಯಾಗಿತ್ತು. ಈಗ ತುಟಿ ಅದುರಿತು.

‘ನಂಗೆ ಒಂದು ಮಾತು ಹೇಳಿಲ್ಲ’ ಎಂದರು. ‘ಆರು ವಾರ ಈ ಮಂಚದ ಪಕ್ಕ ಕೂತು ಒಂದು ಮಾತು ಹೇಳಿಲ್ಲ.’

ಹೊದಿಕೆಯ ಅಂಚಿನಲ್ಲಿ ಮುಖ ಒರೆಸಿಕೊಂಡರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಕೈ ಎತ್ತಿ ತಡೆದರು.

‘ಈಗ ಅವರೆಲ್ಲಿ?’

‘ಡ್ರೆಸ್ಸಿಂಗ್ ರೂಮಲ್ಲಿ.’

‘ಒಬ್ಬರೇನಾ?’

‘ಹೂಂ.’

‘ಇಷ್ಟೆಲ್ಲ ಹೇಳಿ ಒಬ್ಬರನ್ನೇ ಬಿಟ್ಟು ಬಂದ್ರಾ ಅಕ್ಕಾ? ಹೋಗಿ. ಮೊದ್ಲು ಅವರನ್ನ ಕರ್ಕೊಂಡು ಬನ್ನಿ. ನಾಳೆ ಬೆಳಗ್ಗೆವರೆಗೂ ನಂಗೆ ಎರಡು ಪಾದ ಇದೆ, ಬಂದು ಹತ್ರ ಕೂತ್ಕೊಳ್ಳೋಕೆ ಹೇಳಿ.’